ಧರ್ಮಪಾಲರ ತಾಯಿ

ಸೌಭಾಗ್ಯಳಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಅರವತ್ತೆರಡು ವರ್ಷದ ಮಗ ಹುಟ್ಟಿದ. ಅದೂ ಡೊಂಬಿವಲಿ ಪೂರ್ವದ ಅವಳದೇ ಮನೆಯ ಹಾಲ್‌ನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಶೂಟಿಂಗಿಗೆಂದು ಫ್ಯಾನು ನಿಲ್ಲಿಸಿದ್ದ ಸೆಕೆಯಲ್ಲಿ.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಥಿಯೇಟರಿನ ಮುಖ ನೋಡದೆ ನೇರವಾಗಿ ಸಿ.ಡಿ.ಯಾಗಿ ಮಾರಾಟಕ್ಕೆ ಬರುವ ಹೊಡೆದಾಟದ ಸಿನಿಮಾಗಳನ್ನು ಕಲ್ಯಾಣ ಸ್ಟೇಷನ್ನಿನ ಹೊರಗೆ, ಬೆಲ್ಟು ಕರ್ಚೀಫು ಮಾರುವವರ ನಡುವೆ, ಗುಡ್ಡೆ ಹಾಕಿ ಮಾರುತ್ತಿದ್ದ ಕಾಲ. ಅಂಥ ಸಿನಿಮಾ ತೆಗೆಯುವವರಲ್ಲಿ ಡೊಂಬಿವಲಿಯ ಹೋಟೆಲಿನ ಮುರಾರಿ ಶೆಟ್ಟರೂ ಒಬ್ಬರು. ವಾಗ್ಳೆ ಎಸ್ಟೇಟಿನ ಮುಚ್ಚಿದ ಕಾರ್ಖಾನೆ ಅವರ ಕಥೆಗಳಲ್ಲಿ ಕಳ್ಳಸಾಗಣೆಯವರ ಅಡ್ಡೆಯಾಗುತ್ತಿತ್ತು, ಸೀವುಡ್ಸಿನ ಅರ್ಧ ಕಟ್ಟಿದ ಬಿಲ್ಡಿಂಗು ದುಬೈ ಆಗುತ್ತಿತ್ತು. ಹೀರೋ ಮಾತ್ರ ಎಂದೂ ಬದಲಾಗುತ್ತಿರಲಿಲ್ಲ. ಅವರು ಧರ್ಮಪಾಲರು.

ಕಾರ್ಕಳದ ಕಡೆಯ ಈ ಧರ್ಮಪಾಲರು ಒಂದು ಕಾಲದಲ್ಲಿ ನೀರಿನ ಟಾಕಿಯ ಮೇಲಿಂದ ಧುಮುಕಿ, ಬರಿಗೈಯಲ್ಲಿ ಗಾಜು ಒಡೆದು, ಹಿಂದಿ ಸ್ಟಂಟ್ ಚಿತ್ರಗಳಲ್ಲಿ ಹೆಸರು ಮಾಡಿದವರು. ಗದಗಿನಲ್ಲಿ ಓದುತ್ತಿದ್ದಾಗ ಸೌಭಾಗ್ಯ ಕಾಲೇಜಿಗೆ ಚಕ್ಕರ್ ಹೊಡೆದು ಅವರ ಸಿನಿಮಾ ನೋಡಿದ್ದಳು, ಪಕ್ಕದ ಗೆಳತಿಗೆ ಸೀಟಿ ಹೊಡೆಯುವುದನ್ನು ಕಲಿಸಿದ್ದಳು. ಇದು ಗಂಡ ಅಮೃತಪ್ಪನಿಗೆ ಗೊತ್ತಿರಲಿಲ್ಲ. ಅಮೃತಪ್ಪ ಠಾಣೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದ, ಶೆಟ್ಟರ ಹೋಟೆಲಿನ ಕಾಯಂ ಗಿರಾಕಿ. "ಮಿಡ್ಲ್ ಕ್ಲಾಸ್ ಮನೆ ಒಂದು ಬೇಕಿತ್ತು, ಒಂದೇ ದಿನಕ್ಕೆ" ಎಂದು ಶೆಟ್ಟರು ಕೇಳಿದಾಗ, ಸೋಫಾ ಮುರಿಯಬಾರದು ಎಂಬ ಷರತ್ತು ಹಾಕಿ ಒಪ್ಪಿಕೊಂಡಿದ್ದ. ಆ ದಿನ ರಜೆ ಹಾಕಿ ಬೆಡ್‌ರೂಮಿನಲ್ಲಿ ಪೇಪರ್ ಹಿಡಿದು ಕೂತಿದ್ದ.

ತಾಯಿಯ ಪಾರ್ಟಿನ ಹೆಂಗಸು ಬರುತ್ತಿದ್ದ ಲೋಕಲ್ ರೈಲು ಮುಂಬ್ರಾದ ಹತ್ತಿರ ನಿಂತುಬಿಟ್ಟಿತ್ತು. ಶೆಟ್ಟರು ಅಡುಗೆಮನೆಯ ಬಾಗಿಲಿಗೆ ಬಂದರು.

"ಅಕ್ಕ, ಒಂದು ಉಪಕಾರ ಆಗಬೇಕಿತ್ತು. ಹೀರೋನ ತಾಯಿ ನೀವೇ ಆಗಬೇಕು."

"ಹೀರೋ ಅಂದ್ರ ಹೊರಗ ಕುಂತಾರಲ್ಲ, ಅವರs ಏನ್ರಿ?"

"ಅವರೇ. ಕಥೆಯಲ್ಲಿ ಅವರಿಗೆ ಇಪ್ಪತ್ತೆಂಟು."

ಸೌಭಾಗ್ಯ ಬಗ್ಗಿ ಹಾಲ್ ಕಡೆ ನೋಡಿದಳು. ಧರ್ಮಪಾಲರು ವಿಗ್ಗನ್ನು ಮೊಣಕಾಲ ಮೇಲಿಟ್ಟುಕೊಂಡು ತಲೆಗೆ ಗಾಳಿ ಹಾಕಿಕೊಳ್ಳುತ್ತಿದ್ದರು.

"ಮತ್ತ ನನಗೆಷ್ಟು?"

"ಅರವತ್ತು ಅಂತ ಇಟ್ಟುಕೊಳ್ಳುವ. ತಲೆಗೆ ಸ್ವಲ್ಪ ಪೌಡರ್ ಹಾಕಿದ್ರೆ ಆಯ್ತು."

ಅವಮಾನವಾಗಬೇಕಿತ್ತು. ಆದರೆ ಗದಗಿನ ಆ ಕತ್ತಲೆಯ ಥಿಯೇಟರು ನೆನಪಾಗಿ ಅವಳಿಗೆ ನಗು ತಡೆಯಲಾಗಲಿಲ್ಲ. ಒಪ್ಪಿಕೊಂಡಳು.

ನಿರ್ದೇಶಕ ಯೋಗೀಶ್ ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾದರೂ ಬಾಯಿಗೆ ಬರುತ್ತಿದ್ದುದು ಹಿಂದಿಯೇ. "ಆಂಟೀ, ಜೋ ಮನ್ ಮೇ ಆಯೇ ಬೋಲೋ. ಡಬ್ಬಿಂಗ್ ಮೇ ದೇಖ್ ಲೇಂಗೇ" ಎಂದು, ಮನಸ್ಸಿಗೆ ಬಂದದ್ದನ್ನು ಆಡಲು ಬಿಟ್ಟು, ದೃಶ್ಯ ವಿವರಿಸಿದ. ಮಗ ತಾಯಿಯ ಕಾಲಿಗೆ ಬೀಳುತ್ತಾನೆ, ವಿಲನ್ ತನ್ನ ಗೂಂಡಾಗಳೊಂದಿಗೆ ನುಗ್ಗುತ್ತಾನೆ, ಮಗ ಎದ್ದು ಎಲ್ಲರನ್ನೂ ಬಡಿಯುತ್ತಾನೆ. ವಿಲನ್ ವಸಂತಕುಮಾರ ವಿಮೆ ಏಜೆಂಟ್, ಆಳೆತ್ತರದ ಮನುಷ್ಯ. ಗೂಂಡಾಗಳು ಕಲ್ಯಾಣದ ಒಂದು ಜಿಮ್ಮಿನ ಹುಡುಗರು.

ಕ್ಯಾಮೆರಾ ಓಡತೊಡಗಿತು. ಧರ್ಮಪಾಲರು ವಿಗ್ ಏರಿಸಿ, ಬಾಗಿ, ಸೌಭಾಗ್ಯಳ ಎರಡೂ ಪಾದ ಹಿಡಿದರು. ಹಿಡಿದವರು ಬಿಡಲಿಲ್ಲ. ಆಶೀರ್ವಾದಕ್ಕೆ ಇದು ಸ್ವಲ್ಪ ಹೆಚ್ಚಾಯಿತು ಎಂದು ಅವಳಿಗೆ ಅನ್ನಿಸುವಷ್ಟರಲ್ಲಿ ಕೆಳಗಿನಿಂದ ಪಿಸುಮಾತು ಬಂತು.

"ಅಮ್ಮ, ಸೊಂಟ ಹಿಡಿದುಕೊಂಡಿತು. ಏಳಲಿಕ್ಕೆ ಆಗುವುದಿಲ್ಲ. ದಯವಿಟ್ಟು ಯಾರಿಗೂ ಹೇಳಬೇಡಿ, ಈ ಹುಡುಗರ ಎದುರು ನನ್ನ ಮರ್ಯಾದೆ ಉಳಿಯುವುದಿಲ್ಲ."

ಬಾಗಿಲು ಧಡಾರೆಂದು ತೆರೆಯಿತು. ವಸಂತಕುಮಾರ ಅಟ್ಟಹಾಸ ಮಾಡುತ್ತ ಒಳಗೆ ಬಂದ. ಸೌಭಾಗ್ಯಳಿಗೆ ಒಂದು ಹೆಜ್ಜೆ ಆಚೆ ಇಡುವಂತಿರಲಿಲ್ಲ, ಪಾದಗಳು ಹೀರೋನ ಕೈಯಲ್ಲಿದ್ದವು. ಕೈಗೆ ಎಟುಕುವಷ್ಟು ದೂರದಲ್ಲಿ, ಬಾಲ್ಕನಿಯ ಬಾಗಿಲಿಗೆ ಒರಗಿಸಿದ್ದ ಬಿದಿರಿನ ಕೋಲಿತ್ತು. ಚಾವಣಿಯ ಕೆಳಗೆ ಕಟ್ಟಿದ ಸರಳುಗಳ ಮೇಲೆ ಒದ್ದೆ ಬಟ್ಟೆ ಏರಿಸುವ ಉದ್ದನೆಯ ಕೋಲು. ಅದನ್ನು ಎಳೆದುಕೊಂಡಳು.

"ನನ್ನ ಮಗಾ ನಮಸ್ಕಾರ ಮಾಡಾಕತ್ತಾನ, ಕಾಣಂಗಿಲ್ಲೇನ ನಿನಗ? ಮುಗಿಯೂತನಾ ಅಲ್ಲೇ ನಿಂದ್ರು."

ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ವಸಂತಕುಮಾರ ಯೋಗೀಶನ ಕಡೆ ನೋಡಿದ. ಯೋಗೀಶ್ ಮುಂದುವರಿಸು ಎಂದು ಕೈ ಆಡಿಸಿದ. ವಸಂತಕುಮಾರ ಮುಂದಕ್ಕೆ ಬಂದ, ಭುಜದ ಮೇಲೆ ಮೊದಲ ಏಟು ಬಿತ್ತು. ಇಪ್ಪತ್ತೈದು ವರ್ಷ ದಿನಾ ಬಟ್ಟೆ ಒಣಹಾಕಿದ ಕೈ, ಗುರಿ ತಪ್ಪಲಿಲ್ಲ. ಒಬ್ಬ ಗೂಂಡಾನ ಮೊಣಕಾಲಿಗೆ, ಇನ್ನೊಬ್ಬನ ಬೆನ್ನಿಗೆ, ಮತ್ತೆ ವಸಂತಕುಮಾರನ ತಲೆಗೆ. ಸಿನಿಮಾದ ಏಟು ಗಾಳಿಗೆ ಬೀಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಬ್ಬ ಹುಡುಗ ಸೋಫಾದ ಮೇಲೆ ಹಾರಿದಾಗ ಮಾತ್ರ ಅವಳು ನಿಜಕ್ಕೂ ಸಿಟ್ಟಾದಳು, ಅವನಿಗೆ ಎರಡು ಹೆಚ್ಚಿಗೆ ಬಿದ್ದವು. ಗದ್ದಲಕ್ಕೆ ಅಮೃತಪ್ಪ ಪೇಪರ್ ಸಮೇತ ಹೊರಬಂದ. ಪೌಡರ್ ತಲೆಯ ಹೆಂಡತಿ ಕೋಲು ತಿರುಗಿಸುತ್ತಿರುವುದನ್ನೂ, ಅವಳ ಕಾಲ ಬಳಿ ಒಬ್ಬ ಗಂಡಸು ಬಿದ್ದಿರುವುದನ್ನೂ ನೋಡಿ, ಮೆಲ್ಲಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡ. ವಿಲನ್ ಮೂರು ಮಹಡಿ ಇಳಿದು ಗೇಟಿನ ಆಚೆ ನಿಂತಮೇಲೆ ಯೋಗೀಶ್ ಕಟ್ ಅಂದ.

"ಇವರು ಆಶೀರ್ವಾದ ಇನ್ನೂ ತಗೊಳ್ಳಾಕತ್ತಾರ," ಎಂದಳು ಸೌಭಾಗ್ಯ. "ನೀವೆಲ್ಲಾ ಕೆಳಗ ಹೋಗಿ ಚಾ ಕುಡದು ಬರ್ರಿ."

ಎಲ್ಲರೂ ಹೋದಮೇಲೆ ಅವಳೂ ಶೆಟ್ಟರೂ ಸೇರಿ ಧರ್ಮಪಾಲರನ್ನು ಸೋಫಾಕ್ಕೆ ಉರುಳಿಸಿ, ಸೊಂಟಕ್ಕೆ ಮುಲಾಮು ಕೊಟ್ಟರು.

ಸಿ.ಡಿ. ಹೊರಬಂತು. ಕವರಿನ ಮೇಲೆ ಧರ್ಮಪಾಲರ ಹಳೆಯ ಮುಖವನ್ನು ಯಾರದೋ ದೇಹಕ್ಕೆ ಅಂಟಿಸಿದ್ದರು, ಸೌಭಾಗ್ಯಳ ಸುಳಿವೇ ಇರಲಿಲ್ಲ. ಆದರೂ ಕಲ್ಯಾಣದಲ್ಲಿ ಗಿರಾಕಿಗಳು ಬಂದು ಕೇಳುತ್ತಿದ್ದುದು "ಡಂಡೇ ವಾಲೀ ಮಾಂ", ಕೋಲಿನ ತಾಯಿ, ಎಂದೇ. ಡಬ್ಬಿಂಗಿನಲ್ಲಿ ಅವಳ ಮಾತಿಗೆ ಹಿಂದಿ ಹೊಂದಿಸಲಾಗದೆ ಯೋಗೀಶ್ ಕನ್ನಡವನ್ನೇ ಉಳಿಸಿದ್ದ. ಜನ ಅದನ್ನು ಯಾವುದೋ ಭಯಂಕರ ಶಾಪ ಎಂದು ತಿಳಿದುಕೊಂಡರು. ತರಕಾರಿಯವಳು ಸೌಭಾಗ್ಯಳೊಂದಿಗೆ ಚೌಕಾಸಿ ಮಾಡುವುದನ್ನು ನಿಲ್ಲಿಸಿದಳು. ಶೆಟ್ಟರು ಎರಡನೆಯ ಭಾಗದ ಮಾತೆತ್ತಿದರು.

ಮರುದಿನ ಸಂಜೆ ಧರ್ಮಪಾಲರೇ ಬಂದರು. ಲಿಫ್ಟಿಲ್ಲದ ಮೂರು ಮಹಡಿ ಹತ್ತಿ, ಸೋಫಾದಲ್ಲಿ ಕೂತು, ನೀರು ಕುಡಿದು, ಬಹಳ ಹೊತ್ತು ಉಸಿರು ಹುಡುಕಿಕೊಂಡರು.

"ಸೌಭಾಗ್ಯಮ್ಮ, ಒಂದು ಕೇಳಲಿಕ್ಕೆ ಬಂದೆ. ಈ ಸಲ ತಾಯಿ ಮೊದಲೇ ಸತ್ತಿರಲಿ. ಗೋಡೆಗೆ ಫೋಟೋ, ಫೋಟೋಕ್ಕೆ ಹಾರ. ಅಷ್ಟು ಸಾಕು."

"ಯಾಕ್ರಿ ಸಾಹೇಬ್ರ, ನಾ ಏನ್ ತಪ್ಪ ಮಾಡೇನಿ?"

"ತಪ್ಪು ಎಂತದೂ ಇಲ್ಲ. ನಲವತ್ತು ವರ್ಷ ಹೊಡೆದಿದ್ದೇನೆ ಮಾರಾಯ್ತಿ. ಈಗ ಹೋದಲ್ಲೆಲ್ಲ, ಕಾಲು ಹಿಡಿದು ಮಲಗಿದವ ಇವನೇ ಅಂತ ಹೇಳ್ತಾರೆ."

ಅವರು ನಗಲಿಲ್ಲ. ಸೌಭಾಗ್ಯಳಿಗೂ ನಗಲಾಗಲಿಲ್ಲ. ಒಳಗಿದ್ದ ಗಂಡನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಗದಗಿನ ಥಿಯೇಟರಿನ ಕಥೆ ಹೇಳಿದಳು. ಸೀಟಿಯ ಕಥೆಯನ್ನೂ ಬಿಡಲಿಲ್ಲ.

"ಆ ನೀರಿನ ಟಾಕಿಯ ಸಿನಿಮಾವಾ?" ಧರ್ಮಪಾಲರ ಮುಖ ಅರಳಿತು. "ಆಗ ನೀವು..."

"ಕಾಲೇಜಿನಾಗಿದ್ದೆ."

ಅವರು ಮನಸ್ಸಿನಲ್ಲೇ ಕೂಡಿ ಕಳೆದಂತೆ ಕಂಡಿತು. ಆಮೇಲೆ ಮೆಲ್ಲಗೆ ವಿಗ್ ತೆಗೆದು ಟೀಪಾಯಿಯ ಮೇಲಿಟ್ಟು, ತಲೆ ತುರಿಸಿಕೊಂಡರು.

"ಹಾಗಾದರೆ ನಾನು ಮಗ ಆಗುವುದು ಸರಿಯಲ್ಲ."

"ಮೊದಲs ಸರಿ ಇದ್ದಿದ್ದಿಲ್ರಿ."

"ಗಂಡ ಆಗಬಹುದು. ನಿಮ್ಮ ಗಂಡ, ಹೀರೋನ ಅಪ್ಪ. ಹೀರೋ ಆ ಜಿಮ್ಮಿನ ಹುಡುಗರಲ್ಲಿ ಯಾರಾದರೂ ಆಗಲಿ."

ಒಳಗಿನಿಂದ ಪೇಪರ್ ಮಡಚಿದ ಸದ್ದಾಯಿತು. ಅಮೃತಪ್ಪನ ದನಿ ಬಂತು: "ಅಣ್ಣ ಅಂತ ಬರೀರಿ."

ಹಾಗೆ ಧರ್ಮಪಾಲರು ಸೌಭಾಗ್ಯಳ ಅಣ್ಣನಾದರು, ಹೀರೋನ ಸೋದರಮಾವನಾದರು. ವಿಗ್ ಇಲ್ಲದೆ ಅವರು ಕ್ಯಾಮೆರಾದ ಎದುರು ಬಂದದ್ದು ಅದೇ ಮೊದಲು. ಸೋದರಮಾವ ನಿಲ್ಲಲಾರ ಎಂದು ಕಥೆಯಲ್ಲೇ ಬರೆದುಬಿಟ್ಟಿದ್ದರಿಂದ, ವಾಗ್ಳೆ ಎಸ್ಟೇಟಿನ ಖಾಲಿ ಶೆಡ್ಡಿನಲ್ಲಿ ಒಂದು ಮರದ ಕುರ್ಚಿಯಲ್ಲಿ ಕೂತೇ ಹೊಡೆದಾಡಿದರು. ಕೂತಮೇಲೆ ಅವರ ಕೈಗೆ ಎಲ್ಲಿಂದಲೋ ವೇಗ ಬಂದಿತ್ತು. ಎಡಗೈಯಲ್ಲಿ ಒಬ್ಬನ ಕಾಲರ್ ಹಿಡಿದು ಬಲಗೈಯಲ್ಲಿ ಇನ್ನೊಬ್ಬನಿಗೆ ಕೊಡುತ್ತಿದ್ದರು, ಒಂದೂ ಮೈಗೆ ತಾಗುತ್ತಿರಲಿಲ್ಲ, ಆದರೂ ನೋಡಿದವರಿಗೆ ನೋವಾಗುವಂತಿತ್ತು. ಸೌಭಾಗ್ಯ ತನ್ನ ಸರದಿ ಮರೆತು ನೋಡುತ್ತ ನಿಂತಳು.

ವಸಂತಕುಮಾರನ ಸರದಿ ಬಂದಾಗ ಕುರ್ಚಿಯ ಕಾಲು ಮುರಿಯಿತು. ಧರ್ಮಪಾಲರು ನೆಲಕ್ಕೆ ಬಿದ್ದರು. ಸೌಭಾಗ್ಯ ಓಡಿಹೋಗಲು ಸೆರಗು ಸಿಕ್ಕಿಸಿಕೊಂಡಳು. ಆದರೆ ಅವರು ಪಿಸುಗುಡಲಿಲ್ಲ. ಬಿದ್ದಲ್ಲಿಂದಲೇ ಕೈ ಮೇಲೆ ಚಾಚಿ, ಎಲ್ಲರಿಗೂ ಕೇಳುವಂತೆ, "ವಸಂತ, ಸ್ವಲ್ಪ ಎತ್ತು ಮಾರಾಯ, ನನ್ನಿಂದ ಏಳಲಿಕ್ಕೆ ಆಗುವುದಿಲ್ಲ" ಎಂದರು.

ಯೋಗೀಶ್ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಆ ಶಾಟು ಸಿ.ಡಿ.ಯಲ್ಲಿ ಹಾಗೆಯೇ ಇದೆ. ವಿಲನ್ ಕೈಯಲ್ಲಿದ್ದ ಬಂದೂಕನ್ನು ಪಕ್ಕಕ್ಕಿಟ್ಟು ಹೀರೋನ ಸೋದರಮಾವನನ್ನು ಎರಡೂ ಕೈಯಿಂದ ಎತ್ತುತ್ತಾನೆ, ಬೇರೆ ಕುರ್ಚಿ ತಂದು ಕೂರಿಸುತ್ತಾನೆ, ಅಂಗಿಯ ಧೂಳು ಕೊಡವುತ್ತಾನೆ, ಬಂದೂಕು ಮತ್ತೆ ಎತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ, ಆಮೇಲೆ ಬಂದು ಅವರಿಂದ ಹೊಡೆಸಿಕೊಳ್ಳುತ್ತಾನೆ.