ನೀಲಗಂಗಾಳ ಜೊತೆ ಓಡಿದ ಕೋಲು

ನಾನು ಒಂದು ಬಿದಿರುಕೋಲು. ಬೆಟಗೇರಿಯ ಮೇದಾರನೊಬ್ಬ ನನ್ನನ್ನೂ ನನ್ನ ಮೂವರು ತಮ್ಮಂದಿರನ್ನೂ ಕಡಿದು, ಗಂಟು ಹೆರೆದು, ಸೊಳ್ಳೆಪರದೆ ಕಟ್ಟಲೆಂದು ಮಾರಿದ. ಮಂಚದ ಮೂಲೆಯಲ್ಲಿ ಸುಮ್ಮನೆ ನಿಲ್ಲುವುದು ನನ್ನ ಕಸುಬು. ಅದಕ್ಕಿಂತ ಸುಖದ ನೌಕರಿ ಲೋಕದಲ್ಲಿಲ್ಲ. ಪರದೆ ಹರಿಯಿತು, ತಮ್ಮಂದಿರು ಒಲೆಗೆ ಹೋದರು, ನಾನೊಬ್ಬ ಬಾಗಿಲ ಹಿಂದೆ ಉಳಿದೆ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

ಬಿಡಲಿಲ್ಲ. ಮನೆಯೊಡತಿ ನೀಲಗಂಗಾಳಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ಬೆಳಿಗ್ಗೆ ಓಡಬೇಕೆಂದರು ಡಾಕ್ಟರು. ಓಡಲು ಬೀದಿನಾಯಿಗಳು ಬಿಡಬೇಕಲ್ಲ? ನನ್ನನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿ ಕೈಯಲ್ಲಿ ಹಿಡಿದಳು. ನಿಲ್ಲಲು ಹುಟ್ಟಿದವನಿಗೆ ಓಡುವ ಶಿಕ್ಷೆ, ನೋಡಿ.

ಮದುವೆಯಾಗಿ ಬಂದು ಎಷ್ಟೋ ವರ್ಷವಾದರೂ ಆಕೆಗೆ ಗೊತ್ತಿದ್ದದ್ದು ಮನೆ, ಕಿರಾಣಿ ಅಂಗಡಿ, ಗುಡಿ. ಗಂಡ ಈರಬಸಪ್ಪ ಅಲ್ಲೇ ಹುಟ್ಟಿದ ನೇಕಾರ. ಮಗ್ಗ ಬಿಟ್ಟರೆ ಚಹಾ ಅಂಗಡಿ, ಚಹಾ ಅಂಗಡಿ ಬಿಟ್ಟರೆ ಮಗ್ಗ. ಹೆಂಗಸೊಬ್ಬಳು ಸೀರೆ ಎತ್ತಿ ಕಟ್ಟಿ, ಕೋಲು ಹಿಡಿದು ಓಡುವುದನ್ನು ಆ ಓಣಿಗಳು ಕಂಡಿರಲಿಲ್ಲ. ಓಡುತ್ತಿದ್ದಾಳೆಂದರೆ ಆಗಬಾರದ್ದೇನೋ ಆಗಿದೆ ಎಂದೇ ಅರ್ಥ. ಅಂಗಳಕ್ಕೆ ನೀರು ಹಾಕುತ್ತಿದ್ದ ಶಾಂತವೀರವ್ವ ಕೊಡ ಕೆಳಗಿಟ್ಟು, ಯಾರನ್ನು ಬಡಿಯಲು ಹೊರಟೆ ಎಂದು ಕೇಳಿದಳು. ಹಿಟ್ಟಿನ ಗಿರಣಿಯವನು ಮುಂದೆ ಕಳ್ಳನಿದ್ದಾನೆಂದುಕೊಂಡು ತಾನೂ ಸ್ವಲ್ಪ ದೂರ ಓಡಿಬಂದ. ಹೀಗೆ ನಿಂತು ನಿಂತು ಉತ್ತರ ಹೇಳುವುದರಲ್ಲೇ ಅವಳಿಗೆ ಊರು ಪರಿಚಯವಾಯಿತು. ಯಾರ ಸೊಸೆ ಬಸುರಿ, ಯಾವ ಸಂದಿ ಎಲ್ಲಿಗೆ ಕೂಡುತ್ತದೆ, ಆಟೋ ಮೌಲಾಲಿ ಸಂತೆಗೆ ಕಾಯಿಪಲ್ಲೆ ಇಳಿಸಿ ಬಂದು ಗಿರಣಿಯ ಹಿಂದೆ ಮಲಗುತ್ತಾನೆ, ಎಲ್ಲ ತಿಳಿಯಿತು. ಬರಬರುತ್ತ ಜನ ಕೇಳುವುದನ್ನು ಬಿಟ್ಟರು. ನಾಯಿಗಳೂ ಬಾಲ ಅಲ್ಲಾಡಿಸಿದವು. ನಾನು ಮಾತ್ರ ದಂಡಕ್ಕೆ ಓಡುತ್ತಲೇ ಇದ್ದೆ.

ಒಂದು ಬೆಳಿಗ್ಗೆ ಅವಳು ನನ್ನನ್ನು ಹಿಡಿದು ಹೊಸ್ತಿಲು ದಾಟುವಾಗ ಈರಬಸಪ್ಪ ಮಗ್ಗದ ಮೇಲೆ ವಾಲಿದ. ಬಾಯಿ ಸೊಟ್ಟಗಾಗಿತ್ತು, ಎಡಗೈ ಜೋತುಬಿದ್ದಿತ್ತು. ಫೋನು ಮಾಡಿದರೆ ಆಂಬ್ಯುಲೆನ್ಸ್ ಬರಲು ಹೊತ್ತಾಗುತ್ತದೆ ಎಂದರು. ಅವಳು ನನ್ನ ಸಮೇತ ಓಡಿದಳು.

ಶಾಂತವೀರವ್ವ ನಕ್ಕು, ಇವತ್ತು ಭಾರಿ ಜೋರು ಎಂದಳು. ಗಿರಣಿಯವನು ಕೈ ಬೀಸಿದ. ಕೂಗೋಣವೆಂದರೆ ಅವಳಲ್ಲಿ ಉಸಿರಿಲ್ಲ. ಕೈಯಲ್ಲಿ ನಾನಿದ್ದೆನಲ್ಲ, ನೋಡಿದವರಿಗೆಲ್ಲ ಅದು ದಿನದ ಓಟವೇ. ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ಗಿರಣಿಯ ಹಿಂದೆ ಆಟೋದ ಸೀಟಿನ ಮೇಲೆ ಮಲಗಿದ್ದ ಮೌಲಾಲಿಯೂ ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮಗ್ಗುಲಾದ. ಅವಳು ನನ್ನನ್ನು ಎಸೆದು, ಎರಡೂ ಕೈಯಿಂದ ಅವನ ಕಾಲು ಹಿಡಿದು ಎಳೆದಳು.

"ನಮ್ಮ ಮನ್ಯಾವ್ರು ಬಿದ್ದಾರ, ಅಣ್ಣಾ," ಎಂದಳು.

ಆಟೋ ಹೋಯಿತು; ನಾನು ಚರಂಡಿಯ ಪಕ್ಕ ಬಿದ್ದಿದ್ದೆ. ದೊಡ್ಡ ರಸ್ತೆ ಅಗೆದಿದ್ದರಿಂದ ಯಾವ ಸಂದಿಯಲ್ಲಿ ಆಟೋ ಹಿಡಿಸುತ್ತದೆಂದು ಅವಳೇ ದಾರಿ ತೋರಿಸಿದಳಂತೆ. ವೇಳೆಗೆ ಆಸ್ಪತ್ರೆ ಮುಟ್ಟಿದ್ದಕ್ಕೆ ಜೀವ ಉಳಿಯಿತು. ಎಡಗಾಲು ಎಳೆಯುತ್ತದೆ, ಮಗ್ಗ ನಿಂತಿದೆ.

ಮೌಲಾಲಿ ನನ್ನನ್ನು ಎತ್ತಿ, ಗಾಲಿಯ ಕೆಸರು ಕೆರೆಯಲು ಇಟ್ಟುಕೊಂಡಿದ್ದ. ನೀಲಗಂಗಾ ಕೇಳಿ ವಾಪಸು ಒಯ್ದು ಗಂಡನ ಬಲಗೈಗೆ ಕೊಟ್ಟಳು. ಈಗ ಅವನ ಭಾರವೆಲ್ಲ ನನ್ನ ಮೇಲೆ. ತುದಿ ಸವೆದು ಬಾಯಿಬಿಟ್ಟಿದೆ, ನಡುವೆ ಸೀಳು ಬಂದಿದೆ. ಸಾಕಪ್ಪಾ ಸಾಕು ಅನ್ನಿಸುತ್ತದೆ. ಆಕೆ ದಿನಾ ತಾನು ಓಡಿದ ದಾರಿಯಲ್ಲೇ ಅವನನ್ನು ನಡೆಸುತ್ತಾಳೆ. ಬಾಗಿಲು ಬಾಗಿಲಿಗೂ ನಿಲ್ಲಿಸಿ, ಇವರು ಇಂಥವರು ಎನ್ನುತ್ತಾಳೆ. ಅವನು ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸುತ್ತಾನೆ.

ನಿನ್ನೆ ಒಂದು ತಿರುವಿನಲ್ಲಿ ನಿಂತೇಬಿಟ್ಟ. ಕಣ್ಣು ತುಂಬಿತ್ತು.

"ನಾ ಇಲ್ಲೇ ಹುಟ್ಟೇನಿ. ಇವರ್ಯಾರೂ ನನಗ ಗೊತ್ತಿರಲಿಲ್ಲ ನೋಡು," ಎಂದ.

"ನನಗೂ ಗೊತ್ತಿದ್ದಿಲ್ಲ," ಎಂದಳು ಆಕೆ. "ಗೊತ್ತಾಗದಿದ್ರ ಅವತ್ತ ನಾ ಎಲ್ಲಿಗೆ ಓಡ್ತಿದ್ದೆ?"

ಅವನು ನನ್ನನ್ನು ಬಿಗಿಯಾಗಿ ಹಿಡಿದು, ಮುಂದಿನ ಮನೆ ಯಾರದು ಎಂದು ಕೇಳಿದ. ನನಗೆ ಇನ್ನೂ ಬಿಡುಗಡೆಯಿಲ್ಲವೆಂದು ಆಗಲೇ ಗೊತ್ತಾಯಿತು.