ಹಿಂತಿರುಗಲು ಕಾರಣ

ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅವನು ನಡುಮನೆಯಲ್ಲಿ ಮಲಗಿಸಿದ್ದ ದೊಡ್ಡಮ್ಮನ ಹೆಣವನ್ನು ಬಳಸಿಕೊಂಡು ಬಾಗಿಲಿಗೆ ಬಂದ.

"ಎಲ್ಲಿಗಪ್ಪಾ, ಮದುಮಗನ ಹಾಗೆ?" ದೊಡ್ಡಮ್ಮ ಕೆಲಸ ಮಾಡುತ್ತಿದ್ದ ಅಂಗಡಿಯ ಮುದುಕ ಟೈಲರ್ ಅಡ್ಡ ನಿಂತ.

"ವೀಸಾ ಇಂಟರ್‌ವ್ಯೂ ಇದೆ ಮಾಮ. ಇವತ್ತು ತಪ್ಪಿದ್ರೆ ಟೂರೇ ಹೋಯ್ತು. ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ."

"ಮನೇಲಿ ಹೆಣ ಇಟ್ಕೊಂಡು ಟೂರಾ? ತಾಯಿ ಇಲ್ಲದೋನನ್ನ ಗುಂಡಿ ಹೊಲಿದು ಸಾಕಿದೋಳು ಕಣೋ! ನೀನಿಲ್ದೆ ಎತ್ತೋದು ಹೇಗೆ?"

"ಎತ್ಬೇಡಿ. ಕಾಯ್ತಿರಿ."

"ಹೋಗ್ಬರ್ಲಿ ಬಿಡಿ ಮಾಮ," ಒಳಗಿನಿಂದ ಹೆಂಡತಿಯ ದನಿ. "ಇವರದು ಆದ್ರೆ ನಂದು, ಮಕ್ಕಳದು ಎಲ್ಲಾ ಆದ ಹಾಗೆ. ಅತ್ತೆ ಏನೂ ಅಂದ್ಕೊಳ್ಳಲ್ಲ. ಯಾವತ್ತೂ ಏನೂ ಅಂದವರಲ್ಲ."

"ಅದಕ್ಕೇ ಅಲ್ವೇನಮ್ಮಾ ಕಿಟಕಿ ಇಲ್ಲದ ಕೋಣೆ ಕೊಟ್ಟಿದ್ದು?" ಎಂದ ಟೈಲರ್.

*

ಹಿಂದಿನ ತಿಂಗಳು ವೀಸಾ ಅರ್ಜಿ ತುಂಬುವಾಗ 'ಹಿಂತಿರುಗಲು ಕಾರಣ' ಎಂಬ ಅಂಕಣ ಖಾಲಿ ಉಳಿದಿತ್ತು. ಪ್ರವಾಸಕ್ಕೆ ಹೋದವನು ಅಲ್ಲೇ ಉಳಿಯುವುದಿಲ್ಲವೆಂದು ನಂಬಿಸಬೇಕಿತ್ತು. ಸ್ವಂತ ಮನೆಯಿಲ್ಲ, ಕಾಯಂ ಕೆಲಸವಿಲ್ಲ, ಹೆಂಡತಿ ಮಕ್ಕಳು ಜೊತೆಗೇ ಹೊರಟವರು.

"ನಿಮ್ಮನ್ನೇ ನಂಬ್ಕೊಂಡಿರೋ ವಯಸ್ಸಾದವರು ಯಾರೂ ಇಲ್ವಾ ಸಾರ್?" ಎಂದ ಮನೆಗೆ ಬಂದಿದ್ದ ಟ್ರಾವೆಲ್ ಏಜೆಂಟ್.

ಗಂಡ ಹೆಂಡಿರ ಕಣ್ಣು ಒಟ್ಟಿಗೇ ಹಿಂದಿನ ಕೋಣೆಯತ್ತ ಹೊರಳಿತು. ನನ್ನ ಆರೈಕೆಯಲ್ಲಿರುವ ದೊಡ್ಡಮ್ಮನಿಗಾಗಿ ನಾನು ಹಿಂತಿರುಗಲೇಬೇಕು ಎಂದು ಅವನು ಬರೆದ. ಸಹಿಗೆಂದು ಕರೆದು ಓದಿ ಹೇಳಿದಾಗ ದೊಡ್ಡಮ್ಮ, "ಇನ್ನೊಂದ್ಸಲ ಓದೋ" ಎಂದಳು.

ಮರುದಿನ ಅಂಗಡಿಗೆ ಬಂದವರಿಗೆಲ್ಲ ಅದೇ ಸುದ್ದಿ: "ನನಗೋಸ್ಕರ ವಾಪಸ್ ಬರ್ತಾನಂತೆ ಕಣ್ರೀ. ಸರ್ಕಾರಕ್ಕೇ ಬರ್ದ್ಕೊಟ್ಟಿದ್ದಾನೆ!" ಎದೆನೋವು ಶುರುವಾದದ್ದನ್ನು ಟೈಲರ್‌ಗಲ್ಲದೆ ಯಾರಿಗೂ ಹೇಳಲಿಲ್ಲ. "ಸುಮ್ನಿರಿ, ಅವನು ಹೋಗಿ ಬರೋವರೆಗೆ ನಾನಿರ್ಬೇಕು. ಡಾಕ್ಟ್ರನ್ನ ಆಮೇಲೆ ನೋಡೋಣ."

*

ಗಾಜಿನಾಚೆಯ ಅಧಿಕಾರಿ ಅರ್ಜಿಯಿಂದ ತಲೆಯೆತ್ತಿದಳು. "ನಿಮ್ಮ ದೊಡ್ಡಮ್ಮ ಈಗ ಎಲ್ಲಿದ್ದಾರೆ?"

ಸತ್ತರೆಂದರೆ ಕಾರಣವೇ ಸತ್ತಂತೆ.

"ಮನೇಲೇ ಮೇಡಂ."

"ಒಬ್ಬರೇನಾ?"

"ಅಕ್ಕಪಕ್ಕದವರು ಕೂತಿದ್ದಾರೆ. ಆದ್ರೆ ನಾನು ಹೋಗದೆ ಅವರದೇನೂ ನಡೆಯಲ್ಲ."

"ಹುಷಾರಿಲ್ವಾ?"

"ಎದೆನೋವಿತ್ತಂತೆ. ಈಗ ನೋವೇನಿಲ್ಲ."

ಒಂದು ಮಾತೂ ಸುಳ್ಳಾಗಿರಲಿಲ್ಲ. ಹಾಗಾಗಿಯೇ ದನಿ ನಡುಗಲಿಲ್ಲ. ಅಧಿಕಾರಿಯ ಮುಖ ಮೆದುವಾಯಿತು.

"ಇಷ್ಟು ನೋಡ್ಕೊಳ್ಳೋರು ಈಗ ಎಲ್ಲಿ ಸಿಗ್ತಾರೆ! ವೀಸಾ ಮಂಜೂರಾಗಿದೆ. ಬೇಗ ಹೋಗಿ, ಕಾಯ್ತಿರ್ತಾರೆ."

*

ಅವನು ಮರಳಿದಾಗ ಹೆಣವನ್ನು ಅಂಗಳದ ಚಟ್ಟಕ್ಕೆ ತಂದಾಗಿತ್ತು. ಹೆಗಲು ಕೊಡುವ ನಾಲ್ವರು ಹೆಣದ ಸುತ್ತ ನಿಂತು ಅವನನ್ನೇ ನೋಡಿದರು. ಟೈಲರ್ ಮುಖ ತಿರುಗಿಸಿಕೊಂಡ. ದೊಡ್ಡಮ್ಮನ ತಲೆಯ ಬಳಿ ಕುಳಿತಿದ್ದ ಹೆಂಡತಿ, ಸೆರಗಿನ ಮರೆಯಿಂದ ಹುಬ್ಬು ಹಾರಿಸಿ ಏನಾಯಿತೆಂದು ಕೇಳಿದಳು.

ಅವನು ಮುಖ ಬಾಡಿಸಿಕೊಂಡೇ ಎದೆಯ ಮಟ್ಟದಲ್ಲಿ ಹೆಬ್ಬೆರಳು ಎತ್ತಿ ತೋರಿಸಿದ.

ಅದು ತಮಗೇ ಕೊಟ್ಟ ಸನ್ನೆಯೆಂದುಕೊಂಡು ನಾಲ್ವರೂ ಬಗ್ಗಿ, ದೊಡ್ಡಮ್ಮನನ್ನು ಎತ್ತಿದರು.