ಹೊಟ್ಟೆಗೆ ಬಂದ ಚುಕ್ಕೆ

ಕಪ್ಪೆಯಕ್ಕ ಹಳದಿ ಬಣ್ಣದ ಕುದಿನೀರಿನಲ್ಲಿ ಜಿಂಕೆಯ ಕೂದಲನ್ನು ಸೌಟಿನಿಂದ ಕಲಕುತ್ತಿದ್ದಳು.

"ಅದೇ ಸೌಟಲ್ಲಿ ನಂಗೆ ಊಟ ಬಡಿಸ್ಬೇಡ ಕಣೇ" ಎಂದರು ಗಂಡ.

"ಬಡಿಸಿದ್ರೆ ನಿಮ್ಮ ಬಿಳಿ ಮೀಸೆಗಾದ್ರೂ ಬಣ್ಣ ಬರುತ್ತೆ ಬಿಡ್ರಿ."

ಜಿಂಕೆಯ ಕೂದಲು ಒಳಗೆ ಟೊಳ್ಳು, ನೀರಲ್ಲಿ ತೇಲುತ್ತದೆ. ಚಿಟಿಕೆ ಚಿಟಿಕೆಯಾಗಿ ಗಾಳದ ಕೊಕ್ಕೆಗೆ ದಾರದಿಂದ ಬಿಗಿದು, ಬ್ಲೇಡಿನಿಂದ ಹೆರೆದರೆ ಹೆಬ್ಬೆರಳುದ್ದದ ಕಪ್ಪೆ. ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಬೇಕು. ಕಟ್ಟಿ ಕಟ್ಟಿಯೇ ಅವಳಿಗೆ ಆ ಹೆಸರು.

ಹೆಸರು ಅವಳದು, ಕೈಚಳಕ ತಂಗಿಯದು. ಕಪ್ಪೆಯ ಬೆನ್ನಿಗೆ ಮೆಣಸಿನ ಕಾಳಿನಷ್ಟು ದುಂಡಗೆ ಕರಿ ಚುಕ್ಕೆ ಕೂರಿಸುವುದು ತಂಗಿಯೊಬ್ಬಳಿಗೇ ಗೊತ್ತು. ಆರು ವರ್ಷದ ಹಿಂದೆ ಗಿರಾಕಿಗಳು ಅದನ್ನೇ ಹೊಗಳಿದಾಗ ಅಕ್ಕನಿಗೆ ಮೈ ಉರಿದು, "ಮೀನು ನೋಡೋದು ಕೆಳಗಿಂದ. ಬೆನ್ನಿಗೆ ಯಾಕಮ್ಮ ಶೃಂಗಾರ?" ಎಂದು ನಾಲ್ಕು ಜನರೆದುರು ಹಂಗಿಸಿದ್ದಳು. ತಂಗಿ ಕತ್ತರಿ ಎತ್ತಿಕೊಂಡು ಹೋದವಳು ಪರವೂರಲ್ಲೇ ನಿಂತಳು. 'ವಾಪಸ್ ಬಾ' ಎಂದು ಅಕ್ಕ ಬರೆದ ಕಾಗದ ಡ್ರಾಯರಿನಲ್ಲೇ ಉಳಿಯಿತು. ಅದರಲ್ಲಿ ಬುದ್ಧಿವಾದ ಎರಡು ಪುಟ, ತಪ್ಪೊಪ್ಪಿಗೆ ಒಂದು ಸಾಲೂ ಇಲ್ಲ. ಕಳಿಸಲು ಅವಳಿಗೇ ನಾಚಿಕೆ.

ಈಗ ಹಳೆಯ ಗಿರಾಕಿಯೊಬ್ಬ ಚುಕ್ಕೆಯ ಕಪ್ಪೆಯೇ ಬೇಕೆಂದು ಹಟ ಹಿಡಿದಿದ್ದ. ತಂಗಿಯಿಲ್ಲದೆಯೂ ಆಗುತ್ತದೆಂದು ಅಕ್ಕ ಕೂತಳು. ಅರ್ಧ ಕಟ್ಟಿದ್ದನ್ನು, ಕೊಕ್ಕೆ ಕಚ್ಚಿ ಹಿಡಿಯುವ ಇಕ್ಕಳದಿಂದ ಬಿಡಿಸಿ ಬೆಳಕಿಗೆ ಹಿಡಿಯುವಷ್ಟರಲ್ಲಿ ಒಲೆಯ ಮೇಲೆ ಬಣ್ಣ ಉಕ್ಕಿತು. ಓಡಿಹೋಗಿ ಆರಿಸಿ ಬಂದವಳು ಗಡಿಬಿಡಿಯಲ್ಲಿ ಕೊಕ್ಕೆಯನ್ನು ಇಕ್ಕಳಕ್ಕೆ ತಲೆಕೆಳಗಾಗಿ ಸಿಕ್ಕಿಸಿದಳು. ಕೂದಲು ಮುಳ್ಳಂದಿಯ ಹಾಗೆ ಕೆದರಿತ್ತು; ಮೇಲು ಯಾವುದು, ಕೆಳಗು ಯಾವುದು? ಮೂರು ಚುಕ್ಕೆ ಕೂರಿಸಿ ಬ್ಲೇಡು ಆಡಿಸಿದಳು.

ಬೆನ್ನು ಬೋಳು. ಮೂರು ಚುಕ್ಕೆಯೂ ಹೊಟ್ಟೆಗೆ, ಅದೂ ಒಂದಕ್ಕೊಂದು ಕಲಸಿ ಮಸಿ ಚೆಲ್ಲಿದ ಹಾಗೆ.

ಗಂಡ ಕನ್ನಡಕ ಏರಿಸಿದರು. "ಪರವಾಗಿಲ್ವೇ! ನೀನು ಹೇಳ್ದಂಗೆ ಮೀನಿಗೇ ಕಾಣೋ ಹಾಗೆ ಮಾಡಿದೀಯ."

ಮುಖ ಊದಿಸಿಕೊಂಡವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ಇದನ್ನ ಅವಳು ನೋಡ್ಬೇಕಿತ್ತು ಕಣ್ರೀ. ಬಿದ್ದು ಬಿದ್ದು ನಗ್ತಿದ್ಲು" ಎಂದಳು.

"ನೋಡ್ಲಿ. ಬೇಡ ಅಂದೋರ್ಯಾರು?"

ಅಕ್ಕ ಕಾಗದ ತೆಗೆದು ಬುದ್ಧಿವಾದಕ್ಕೆಲ್ಲ ಅಡ್ಡಗೀಟು ಎಳೆದಳು. ಕೆಳಗೆ ಬರೆದಳು: 'ನನಗೆ ಚುಕ್ಕೆ ಬರುವುದಿಲ್ಲ. ಅವತ್ತೂ ಬರುತ್ತಿರಲಿಲ್ಲ. ಅದಕ್ಕೇ ಹಾಗಂದೆ.' ಕೊಕ್ಕೆಯ ಮೊನೆ ಮುರಿದು, ಕಪ್ಪೆಯನ್ನೂ ಲಕೋಟೆಗೆ ಹಾಕಿದಳು.

ಅಂಚೆ ಕಚೇರಿಯವನು ಲಕೋಟೆ ಒತ್ತಿ ನೋಡಿದ. "ಉಬ್ಬಿದೆಯಲ್ಲ, ಒಳಗೇನಮ್ಮ?"

"ಕಪ್ಪೆ."

"ಜೀವ ಇದೆಯಾ?"

"ಎಲ್ಲಪ್ಪ, ನನ್ನ ಕೈಗೆ ಸಿಕ್ಕಿತ್ತಲ್ಲ!"

ಅವನು ನಗುತ್ತಲೇ ಮುದ್ರೆ ಒತ್ತಿ ಲಕೋಟೆಯನ್ನು ಚೀಲಕ್ಕೆ ಹಾಕಿದ.